ಮನೆಯಲ್ಲಿ ಅಡಿಸನ್ ಕಾಯಿಲೆಯವರಿದ್ದರೆ: ಉಪ್ಪು, ಮಾತ್ರೆ, ಜ್ವರದ ದಿನ

ನನ್ನ ಅಮ್ಮನಿಗೆ ಅಡಿಸನ್ ಕಾಯಿಲೆ ಇದೆ ಅಂತ ಗೊತ್ತಾಗಿ ಆರು ವರ್ಷ ಆಯಿತು. ಅದಕ್ಕೂ ಮೊದಲು ಹತ್ತಿರ ಹತ್ತಿರ ಒಂದು ವರ್ಷ ಗ್ಯಾಸಿಗೆ, ರಕ್ತ ಕಡಿಮೆಗೆ, ಸುಸ್ತಿಗೆ ಅಂತ ಏನೇನೋ ಮದ್ದು ಮಾಡಿದೆವು. ಗೊತ್ತಾದ ಮೇಲೂ ಒಂದು ಮಳೆಗಾಲದಲ್ಲಿ ನಮ್ಮದೇ ತಪ್ಪಿನಿಂದ ಅವಳನ್ನು ಕಳೆದುಕೊಳ್ಳುವುದರಲ್ಲಿದ್ದೆವು. ಆವತ್ತು ನಮಗೆ ಗೊತ್ತಿರಬೇಕಿದ್ದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಈ ಕಾಯಿಲೆ ಅಪರೂಪ, ಪಕ್ಕದ ಮನೆಯಲ್ಲಿ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಮನೆಯವರೇ ಕಲಿಯಬೇಕು. ಮಾತ್ರೆಯ ಲೆಕ್ಕ ಮಾತ್ರ ನಿಮ್ಮ ಡಾಕ್ಟರೇ ಹೇಳಬೇಕು. ನಾನು ಕೊಡುವ ಅಂಕಿ ಅವರ ಹತ್ತಿರ ಸರಿಯಾಗಿ ಕೇಳಿಕೊಳ್ಳಲು ಅನುಕೂಲ ಆಗಲಿ ಅಂತ.

ಒಳಗೆ ಏನಾಗುತ್ತದೆ

ಎರಡೂ ಕಿಡ್ನಿಗಳ ಮೇಲೆ ಟೋಪಿ ಇಟ್ಟ ಹಾಗೆ ಒಂದೊಂದು ಸಣ್ಣ ಗ್ರಂಥಿ ಇದೆ. ಅದಕ್ಕೆ ಅಡ್ರಿನಲ್ ಗ್ರಂಥಿ ಅಂತ ಹೆಸರು. ಅಲ್ಲಿಂದ ಬರುವ ಎರಡು ಹಾರ್ಮೋನುಗಳ ಹೆಸರು ನೆನಪಿಟ್ಟುಕೊಳ್ಳಿ. ಒಂದು ಕಾರ್ಟಿಸೋಲ್. ಜ್ವರ, ಗಾಯ, ಆಪರೇಷನ್, ಯಾವ ಕಷ್ಟ ಬಂದರೂ ದೇಹ ತಡೆದುಕೊಳ್ಳುವುದು ಇದರಿಂದ. ಇನ್ನೊಂದು ಆಲ್ಡೋಸ್ಟೆರೋನ್. ಇದು ಕಿಡ್ನಿಗೆ ಹೇಳುವ ಮಾತು ಇಷ್ಟೇ: ಸೋಡಿಯಂ ಹಿಡಿದಿಟ್ಟುಕೋ, ಪೊಟ್ಯಾಷಿಯಂ ಹೊರಗೆ ಹಾಕು.

ಅಡಿಸನ್ ಕಾಯಿಲೆಯಲ್ಲಿ ಈ ಗ್ರಂಥಿಗಳು ಹಾಳಾಗಿರುತ್ತವೆ, ಹಾಗಾಗಿ ಕಿಡ್ನಿಗೆ ಹೇಳುವವರೇ ಇಲ್ಲ. ತಿಂದ ಉಪ್ಪೆಲ್ಲ ಮೂತ್ರದಲ್ಲಿ ಹೋಗುತ್ತದೆ, ಅದರ ಹಿಂದೆಯೇ ನೀರೂ ಹೋಗುತ್ತದೆ, ರಕ್ತದ ಪ್ರಮಾಣ ಇಳಿಯುತ್ತದೆ, ಬಿಪಿ ಬೀಳುತ್ತದೆ, ಕೂತಲ್ಲಿಂದ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಆ ಕಡೆ ಪೊಟ್ಯಾಷಿಯಂ ಏರುತ್ತಾ ಹೋಗುತ್ತದೆ. ತುಂಬಾ ಏರಿದರೆ ಹೃದಯದ ಬಡಿತವೇ ತಪ್ಪಬಹುದು.

1855ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಡಾಕ್ಟರ್ ಥಾಮಸ್ ಅಡಿಸನ್ ಇದನ್ನು ಮೊದಲು ವಿವರವಾಗಿ ಬರೆದರು. ಆಗ ಇದಕ್ಕೆ ಮದ್ದೇ ಇರಲಿಲ್ಲ. ಈಗ ಇದೆ, ಮಾತ್ರೆ ತಪ್ಪದೆ ತೆಗೆದುಕೊಂಡವರು ಎಲ್ಲರ ಹಾಗೆ ಕೆಲಸ ಮಾಡಿಕೊಂಡು ಬದುಕುತ್ತಾರೆ. ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಕೆನಡಿಗೂ ಇದೇ ಕಾಯಿಲೆ ಇತ್ತು.

ಕಾರಣಕ್ಕೆ ಬಂದರೆ, ಪಾಶ್ಚಾತ್ಯ ದೇಶಗಳಲ್ಲಿ ಹೆಚ್ಚಾಗಿ ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಗ್ರಂಥಿಯ ಮೇಲೆ ದಾಳಿ ಮಾಡಿ ಹೀಗಾಗುತ್ತದೆ. ನಮ್ಮಲ್ಲಿ ಅದರ ಜೊತೆಗೆ ಕ್ಷಯವೂ ದೊಡ್ಡ ಕಾರಣ. ಅಮ್ಮನಿಗೆ ಮದುವೆಗೆ ಮೊದಲು ಟಿಬಿ ಆಗಿತ್ತು. ಅದನ್ನು ಯಾವ ಡಾಕ್ಟರ ಹತ್ತಿರವೂ ಅವಳು ಹೇಳಿರಲಿಲ್ಲ, ನಾಚಿಕೆ. ದಯವಿಟ್ಟು ಹೇಳಿ. ಎಷ್ಟು ಹಳೆಯದಾದರೂ ಹೇಳಿ.

ಯಾವಾಗ ಅನುಮಾನ ಪಡಬೇಕು

ನಮ್ಮ ಮನೆ ಶಂಕರಪುರದ ಕಡೆ, ಹಿತ್ತಲಲ್ಲಿ ಮಲ್ಲಿಗೆ ಗಿಡಗಳಿವೆ. ಬೆಳಗ್ಗೆ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟುವುದು ಅಮ್ಮನ ಕೆಲಸ. ಒಂದು ದಿನ ಅವಳ ಎದುರು ಕೂತು ನೋಡುತ್ತಿದ್ದೆ. ಬಿಳಿ ಮೊಗ್ಗಿನ ಪಕ್ಕ ಅವಳ ಬೆರಳ ಗೆಣ್ಣುಗಳು ಇದ್ದಲು ತಿಕ್ಕಿದ ಹಾಗೆ ಕಪ್ಪಾಗಿದ್ದವು. ಅಂಗೈ ಬಿಡಿಸಿ ನೋಡಿದರೆ ಗೆರೆಗಳೂ ಕಪ್ಪು, ಪೆನ್ನಿನಲ್ಲಿ ಎಳೆದ ಹಾಗೆ. ಬಿಸಿಲಿಗೆ ಅಂದಳು. ಬಿಸಿಲಿಗೆ ಅಂಗೈ ಗೆರೆ ಯಾಕೆ ಕಪ್ಪಾಗಬೇಕು ಅಂತ ಆಗ ನನಗೆ ಹೊಳೆಯಲೇ ಇಲ್ಲ. ಆಮೇಲೆ ಡಾಕ್ಟರ್ ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿದಾಗ ವಸಡಿನಲ್ಲೂ ನೇರಳೆಹಣ್ಣು ತಿಂದ ಹಾಗಿನ ಕಲೆ.

ಈ ಕಪ್ಪು ಬಣ್ಣಕ್ಕೆ ಕಾರಣ ಇದೆ. ಕಾರ್ಟಿಸೋಲ್ ಸಾಲುತ್ತಿಲ್ಲ ಅಂತ ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ ಎಂಬ ಹಾರ್ಮೋನನ್ನು ಜಾಸ್ತಿ ಜಾಸ್ತಿ ಕಳಿಸುತ್ತಾ ಇರುತ್ತದೆ, ಅದು ಚರ್ಮವನ್ನೂ ಕಪ್ಪು ಮಾಡುತ್ತದೆ. ಗೆಣ್ಣು, ಅಂಗೈ ಗೆರೆ, ವಸಡು, ಹಳೆ ಗಾಯದ ಗುರುತು, ಬಟ್ಟೆ ಉಜ್ಜುವ ಜಾಗ, ಇಲ್ಲೆಲ್ಲ ನೋಡಿ.

ಇನ್ನೊಂದು ಗುರುತು ಉಪ್ಪಿನ ಆಸೆ. ಅಮ್ಮ ಗಂಜಿಗೆ ಉಪ್ಪಿನಕಾಯಿ ಹಾಕಿಕೊಳ್ಳುವುದು ಬಿಟ್ಟು, ಮಿಡಿ ಹಾಕಿಟ್ಟ ಭರಣಿಯ ಉಪ್ಪುನೀರನ್ನೇ ಸೌಟಿನಲ್ಲಿ ತೆಗೆದು ಕುಡಿಯುತ್ತಿದ್ದಳು. ನಾವು ಬೈದೆವು. ಪಾಪ, ಅವಳ ದೇಹ ಬೇಕಾದದ್ದನ್ನೇ ಕೇಳುತ್ತಿತ್ತು. ಇದರ ಜೊತೆ ತೂಕ ಇಳಿಯುವುದು, ಊಟ ಸೇರದಿರುವುದು, ವಾಕರಿಕೆ, ಹೊಟ್ಟೆನೋವು, ಎದ್ದರೆ ತಲೆತಿರುಗುವುದು, ಮಲಗಿ ಎದ್ದರೂ ಹೋಗದ ಸುಸ್ತು. ಒಂದೊಂದೇ ನೋಡಿದರೆ ಎಲ್ಲವೂ ಸಾಮಾನ್ಯ. ಒಟ್ಟಿಗೆ ಕಂಡರೆ ಸುಮ್ನೆ ಕೂರಬೇಡಿ.

ಪರೀಕ್ಷೆ ಕಷ್ಟದ್ದಲ್ಲ. ರಕ್ತದಲ್ಲಿ ಸೋಡಿಯಂ, ಪೊಟ್ಯಾಷಿಯಂ, ಬೆಳಗ್ಗೆ 8 ಗಂಟೆ ಸುಮಾರಿಗೆ ತೆಗೆದ ರಕ್ತದಲ್ಲಿ ಕಾರ್ಟಿಸೋಲ್ ಮತ್ತು ಎಸಿಟಿಎಚ್. ಬೆಳಗ್ಗೆಯೇ ಯಾಕೆಂದರೆ ಕಾರ್ಟಿಸೋಲ್ ಜಾಸ್ತಿ ಇರಬೇಕಾದದ್ದು ಆಗಲೇ. ಬೇಕಿದ್ದರೆ ಒಂದು ಇಂಜೆಕ್ಷನ್ ಕೊಟ್ಟು ಗ್ರಂಥಿ ಏಳುತ್ತದೋ ಇಲ್ಲವೋ ನೋಡುತ್ತಾರೆ, ಹೊಟ್ಟೆಯ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಹಾರ್ಮೋನ್ ಕಾಯಿಲೆ ನೋಡುವವರನ್ನು ಎಂಡೋಕ್ರೈನಾಲಜಿಸ್ಟ್ ಅನ್ನುತ್ತಾರೆ. ಅವರು ಸಿಗಲು ತಡವಾಗುವುದಾದರೆ ಮೊದಲು ಜನರಲ್ ಮೆಡಿಸಿನ್ ಡಾಕ್ಟರನ್ನು ನೋಡಿ.

ಒಂದು ಮಾತು ಸೇರಿಸುತ್ತೇನೆ. ಅಸ್ತಮಾಕ್ಕೋ ಗಂಟುನೋವಿಗೋ ತಿಂಗಳುಗಟ್ಟಲೆ ಸ್ಟಿರಾಯ್ಡ್ ತಿಂದು ಒಮ್ಮೆಲೇ ಬಿಟ್ಟವರಿಗೂ ಕಾರ್ಟಿಸೋಲ್ ಕೊರತೆ ಬರುತ್ತದೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋದವರಿಗೂ, ಕೊಳಕುಮಂಡಲ ಹಾವು ಕಚ್ಚಿ ಬದುಕಿದ ಕೆಲವರಿಗೂ ಪಿಟ್ಯುಟರಿ ಹಾಳಾಗಿ ಹೀಗಾಗುವುದುಂಟು. ಅವರಲ್ಲಿ ಮೈ ಕಪ್ಪಾಗುವುದಿಲ್ಲ, ಪೊಟ್ಯಾಷಿಯಂ ಏರುವುದಿಲ್ಲ. ಆದರೆ ಕೆಳಗೆ ಬರೆದಿರುವ ಜ್ವರದ ದಿನದ ನಿಯಮ ಅವರಿಗೂ ಬೇಕು.

ದಿನದ ಮಾತ್ರೆ

ಸಾಮಾನ್ಯವಾಗಿ ಎರಡು ಮಾತ್ರೆ. ಕಾರ್ಟಿಸೋಲ್ ಬದಲಿಗೆ ಹೈಡ್ರೊಕಾರ್ಟಿಸೋನ್, ದೊಡ್ಡವರಿಗೆ ದಿನಕ್ಕೆ ಒಟ್ಟು 15ರಿಂದ 25 ಮಿಲಿಗ್ರಾಂ, ಎರಡು ಮೂರು ಸಲ ಹಂಚಿ. ಆಲ್ಡೋಸ್ಟೆರೋನ್ ಬದಲಿಗೆ ಫ್ಲೂಡ್ರೊಕಾರ್ಟಿಸೋನ್, ದಿನಕ್ಕೆ 50ರಿಂದ 200 ಮೈಕ್ರೊಗ್ರಾಂ, ಬೆಳಗ್ಗೆ ಒಂದೇ ಸಲ. ಉಪ್ಪು ನೀರಿನ ಲೆಕ್ಕ ಸರಿಪಡಿಸುವುದು ಮುಖ್ಯವಾಗಿ ಈ ಎರಡನೆಯದು.

ಬೆಳಗಿನ ಮಾತ್ರೆ ಎದ್ದ ಕೂಡಲೇ ಆಗಬೇಕು. ಅಮ್ಮ ಮೊದಲು ಎಲ್ಲ ಕೆಲಸ ಮುಗಿಸಿ ಎಂಟು ಗಂಟೆಗೆ ತಿಂಡಿಯ ಜೊತೆ ತೆಗೆದುಕೊಳ್ಳುತ್ತಿದ್ದಳು, ಅಷ್ಟರಲ್ಲಿ ಮಲ್ಲಿಗೆ ಗಿಡದ ಬುಡದಲ್ಲೇ ಎರಡು ಸಲ ಕೂತುಬಿಟ್ಟಿದ್ದಳು. ಈಗ ಮಾತ್ರೆಯ ಡಬ್ಬಿ ಹಾಸಿಗೆಯ ಪಕ್ಕದಲ್ಲೇ ಇದೆ, ಜೊತೆಗೆ ಎರಡು ಬಿಸ್ಕತ್ತು, ಒಂದು ಲೋಟ ನೀರು. ಮಾತ್ರೆ ತಿಂದೇ ಬುಟ್ಟಿ ಹಿಡಿಯುತ್ತಾಳೆ. ಕೊನೆಯ ಮಾತ್ರೆ ಸಂಜೆಯೊಳಗೆ ಮುಗಿಯಲಿ, ರಾತ್ರಿ ತಡವಾಗಿ ತೆಗೆದುಕೊಂಡರೆ ನಿದ್ದೆ ಬರುವುದಿಲ್ಲ. ಇಡೀ ರಾತ್ರಿ ಯಕ್ಷಗಾನದ ಆಟ ನೋಡಲು ಕೂರುವವರು, ನೈಟ್ ಶಿಫ್ಟ್ ಇರುವವರು ಹೊತ್ತು ಹೇಗೆ ಬದಲಿಸಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿ. ಏಕಾದಶಿ ಇರಲಿ, ರಂಜಾನ್ ಇರಲಿ, ಉಪವಾಸದ ಮಾತೂ ಹಾಗೆಯೇ. ನಿಮ್ಮಷ್ಟಕ್ಕೆ ಮಾತ್ರೆ ತಪ್ಪಿಸಬೇಡಿ.

ಈ ಎರಡೂ ಸ್ಟಿರಾಯ್ಡ್ ಮಾತ್ರೆಗಳೇ. ಸ್ಟಿರಾಯ್ಡ್ ಅಂದ ಕೂಡಲೇ ಜನ ಹೆದರುತ್ತಾರೆ. ನಮ್ಮ ಮನೆಗೆ ಬಂದವರಲ್ಲಿ ಅರ್ಧ ಜನ 'ಅದನ್ನು ನಿಲ್ಲಿಸಿ, ಕಿಡ್ನಿ ಹೋಗುತ್ತದೆ' ಅಂದಿದ್ದಾರೆ. ಅವರಿಗೆ ನಾನು ಹೇಳುವುದು ಒಂದೇ: ನಿಮ್ಮ ದೇಹ ದಿನಾ ತಾನೇ ಮಾಡಿಕೊಳ್ಳುವುದನ್ನು ಅಮ್ಮನ ದೇಹ ಮಾಡುವುದಿಲ್ಲ, ಅಷ್ಟನ್ನೇ ಮಾತ್ರೆಯಲ್ಲಿ ಕೊಡುತ್ತಿದ್ದೇವೆ. ಅಳತೆ ಸರಿ ಇದ್ದರೆ ಹೆದರಬೇಕಾಗಿಲ್ಲ. ಅಳತೆ ತಪ್ಪಿದರೆ ದೇಹ ಹೇಳುತ್ತದೆ. ಮುಖ ದುಂಡಗಾಗಿ ತೂಕ, ಶುಗರ್ ಏರಿದರೆ ಹೈಡ್ರೊಕಾರ್ಟಿಸೋನ್ ಜಾಸ್ತಿ ಆಗಿರಬಹುದು. ಕಾಲು ಬಾತು, ಬಿಪಿ ಏರಿ, ತಲೆನೋವು ಬಂದರೆ ಫ್ಲೂಡ್ರೊಕಾರ್ಟಿಸೋನ್ ಜಾಸ್ತಿ ಆಗಿರಬಹುದು. ಎರಡಕ್ಕೂ ಡಾಕ್ಟರ ಹತ್ತಿರ ಹೋಗಿ ಕಡಿಮೆ ಮಾಡಿಸಿಕೊಳ್ಳಬೇಕು. ಬಿಡುವುದಲ್ಲ.

ಬೇರೆ ಮದ್ದುಗಳ ಮೇಲೂ ಕಣ್ಣಿರಲಿ. ಟಿಬಿಯ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿದ್ದರೆ ಅದು ಹೈಡ್ರೊಕಾರ್ಟಿಸೋನನ್ನು ಬೇಗ ಕರಗಿಸಿಬಿಡುತ್ತದೆ, ಮಾತ್ರೆ ಹೆಚ್ಚಿಸಬೇಕಾಗುತ್ತದೆ. ಕಾರ್ಟಿಸೋಲ್ ಸರಿಪಡಿಸುವ ಮೊದಲು ಥೈರಾಯ್ಡ್ ಮಾತ್ರೆ ಶುರು ಮಾಡಿದರೆ ಪರಿಸ್ಥಿತಿ ಕೆಡಬಹುದು. ಕೆಮ್ಮಿಗೆ ಮಾಡುವ ಕಷಾಯದಲ್ಲಿ ಜ್ಯೇಷ್ಠಮಧು ಇರುತ್ತದಲ್ವಾ, ಅದು ಕಾರ್ಟಿಸೋಲಿನ ಕೆಲಸವನ್ನು ಕಿಡ್ನಿಯಲ್ಲಿ ಹೆಚ್ಚಿಸಿ ಬಿಪಿ ಏರಿಸುತ್ತದೆ. ಅದನ್ನು ಹಾಕದೆ ಕಷಾಯ ಮಾಡಿ.

ಫ್ಲೂಡ್ರೊಕಾರ್ಟಿಸೋನ್ ಎಲ್ಲ ಮೆಡಿಕಲ್‌ಗಳಲ್ಲೂ ಇರುವುದಿಲ್ಲ. ಹೇಳಿ ತರಿಸಬೇಕು. ಹದಿನೈದು ದಿನದ್ದು ಉಳಿದಿರುವಾಗಲೇ ಹೇಳಿ.

ಉಪ್ಪು, ನೀರು, ಬೊಂಡ

ಊರಿಗೆಲ್ಲ 'ಉಪ್ಪು ಕಡಿಮೆ ತಿನ್ನಿ' ಅನ್ನುವ ಬುದ್ಧಿಮಾತು ನಿಮ್ಮ ಮನೆಯ ಅಡಿಸನ್ ಕಾಯಿಲೆಯವರಿಗೆ ಅಲ್ಲ. ಅವರು ರುಚಿಗೆ ಬೇಕಾದಷ್ಟು ಉಪ್ಪು ತಿನ್ನಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕರಾವಳಿಯ ಸೆಕೆಗೆ ನಿಂತಲ್ಲೇ ಬೆವರು ಇಳಿಯುತ್ತದೆ, ಆಗ ಇನ್ನೂ ಸ್ವಲ್ಪ ಜಾಸ್ತಿ. ನಮ್ಮ ಊಟದಲ್ಲೇ ಬೇಕಾದಷ್ಟು ದಾರಿ ಇದೆ: ಕುಚ್ಚಲಕ್ಕಿ ಗಂಜಿಗೆ ಉಪ್ಪು, ಜೊತೆಗೆ ಮಿಡಿ ಉಪ್ಪಿನಕಾಯಿ, ಉಪ್ಪುಸೊಳೆಯ ಪಲ್ಯ, ಮೀನು ತಿನ್ನುವವರಿಗೆ ಒಣಮೀನಿನ ಚಟ್ನಿ, ಮಧ್ಯಾಹ್ನ ಉಪ್ಪು ಹಾಕಿದ ನೀರು ಮಜ್ಜಿಗೆ. ಬಿಪಿಯೂ ಇದ್ದವರಾದರೆ ಎಷ್ಟು ಅಂತ ಡಾಕ್ಟರ ಹತ್ತಿರ ಕೇಳಿ.

ನಮ್ಮಲ್ಲಿ ಅಪ್ಪನಿಗೆ ಬಿಪಿ. ಅವರಿಗೆ ಅಂತ ಕಡಿಮೆ ಸೋಡಿಯಂ ಉಪ್ಪಿನ ಪ್ಯಾಕೆಟ್ ತಂದಿದ್ದೆವು, ತಿಂಗಳುಗಟ್ಟಲೆ ಅದೇ ಉಪ್ಪು ಎಲ್ಲರ ಸಾರಿಗೂ ಬಿತ್ತು. ಆ ಪ್ಯಾಕೆಟ್ಟಿನ ಹಿಂದೆ ಓದಿ: ಕಡಿಮೆ ಮಾಡಿದ ಸೋಡಿಯಂ ಜಾಗಕ್ಕೆ ಪೊಟ್ಯಾಷಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಅಮ್ಮನಿಗೆ ಯಾವುದು ಕಡಿಮೆಯೋ ಅದು ಇಲ್ಲ, ಯಾವುದು ಜಾಸ್ತಿಯೋ ಅದೇ ಇದೆ. ಈಗ ಅಪ್ಪನ ಉಪ್ಪಿನ ಡಬ್ಬಿಗೆ ಕೆಂಪು ಮುಚ್ಚಳ.

ಬೊಂಡದ, ಅಂದರೆ ಎಳನೀರಿನ ವಿಷಯವೂ ಇದೇ. ನಮ್ಮೂರಲ್ಲಿ ವಾಂತಿ ಆದರೂ ಬೊಂಡ, ಸುಸ್ತಾದರೂ ಬೊಂಡ. ಎಳನೀರಿನಲ್ಲಿ ಪೊಟ್ಯಾಷಿಯಂ ಜಾಸ್ತಿ, ಸೋಡಿಯಂ ಕಡಿಮೆ. ಆರೋಗ್ಯವಾಗಿದ್ದವರಿಗೆ ಅದು ಒಳ್ಳೆಯದೇ. ಅಡಿಸನ್ ಇರುವವರು ಹುಷಾರು ತಪ್ಪಿದಾಗ ಅದನ್ನು ಕುಡಿಸಬೇಡಿ. ಬರೀ ನೀರನ್ನೂ ಚೊಂಬುಗಟ್ಟಲೆ ಕುಡಿಸಬೇಡಿ, ಇದ್ದ ಸೋಡಿಯಂ ಇನ್ನೂ ತೆಳುವಾಗುತ್ತದೆ. ಓಆರ್‌ಎಸ್ ಕೊಡಿ, ಒಂದು ಪ್ಯಾಕೆಟ್ ಪೂರ್ತಿ, ಅದರ ಮೇಲೆ ಬರೆದಿರುವಷ್ಟೇ ನೀರಿಗೆ (ದೊಡ್ಡ ಪ್ಯಾಕೆಟ್ ಆದರೆ ಒಂದು ಲೀಟರ್). ಒಂದು ಲೋಟಕ್ಕೆ ಸ್ವಲ್ಪ, ಇನ್ನೊಂದು ಲೋಟಕ್ಕೆ ಸ್ವಲ್ಪ ಅಂತ ಅಂದಾಜಿಗೆ ಹಾಕಬೇಡಿ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಟೀ ಚಮಚದ ಅಳತೆಯಲ್ಲಿ.

ಜ್ವರದ ದಿನ

ಇಡೀ ಬರಹದಲ್ಲಿ ಇದೊಂದನ್ನು ಓದಿದರೂ ಸಾಕು.

ಆರೋಗ್ಯವಂತರಿಗೆ ಜ್ವರ ಬಂದರೆ ಅಡ್ರಿನಲ್ ಗ್ರಂಥಿ ತಾನಾಗಿಯೇ ಹೆಚ್ಚು ಕಾರ್ಟಿಸೋಲ್ ಬಿಡುತ್ತದೆ. ಅಡಿಸನ್ ಇದ್ದವರಲ್ಲಿ ಅದು ಆಗುವುದಿಲ್ಲ. ಹಾಗಾಗಿ ಆ ಹೆಚ್ಚಿನದನ್ನು ನಾವೇ ಕೊಡಬೇಕು. ಅಮ್ಮನ ಡಾಕ್ಟರ್ ಬರೆದುಕೊಟ್ಟದ್ದು ಹೀಗೆ: ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಹೈಡ್ರೊಕಾರ್ಟಿಸೋನ್ ಎರಡು ಪಟ್ಟು, 102.2 ದಾಟಿದರೆ ಮೂರು ಪಟ್ಟು, ಜ್ವರ ಬಿಟ್ಟ ಒಂದೆರಡು ದಿನದಲ್ಲಿ ಮತ್ತೆ ಮಾಮೂಲಿ ಅಳತೆಗೆ. ಫ್ಲೂಡ್ರೊಕಾರ್ಟಿಸೋನ್ ಬದಲಿಸುವುದಿಲ್ಲ. ನಿಮ್ಮ ಡಾಕ್ಟರ ಕೈಯಲ್ಲೂ ಇದನ್ನು ಬರೆಸಿಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಹಲ್ಲು ಕೀಳಿಸುವುದು, ಆಪರೇಷನ್, ಎಂಡೋಸ್ಕೋಪಿ ಇದ್ದರೂ ಮೊದಲೇ ಹೇಳಿ ಹೆಚ್ಚಿನ ಡೋಸ್ ಕೇಳಬೇಕು.

ನಾವು ಮಾಡಿದ್ದು ತದ್ವಿರುದ್ಧ. ಜುಲೈ ತಿಂಗಳು, ಜೋರು ಮಳೆ, ಅಮ್ಮನಿಗೆ ಚಳಿ ಜ್ವರ. ನಮ್ಮ ಕಡೆ ಮಳೆಗಾಲದಲ್ಲಿ ಡೆಂಗ್ಯೂ, ಮಲೇರಿಯಾ, ಇಲಿಜ್ವರ ಯಾವುದೂ ಆಗಬಹುದು. ಜ್ವರದಲ್ಲಿ ಸ್ಟಿರಾಯ್ಡ್ ಬೇಡ, ಎರಡು ದಿನ ನಿಲ್ಲಿಸಿ ಅಂತ ಮಾವ ಹೇಳಿದರು, ಅವರಿಗೂ ಅಕ್ಕನ ಮೇಲಿನ ಪ್ರೀತಿಯೇ. ನಾವು ನಿಲ್ಲಿಸಿದೆವು. ಮಾರನೆ ದಿನ ವಾಂತಿ, ಹೊಟ್ಟೆ ಹಿಡಿದುಕೊಂಡು ಮಲಗಿದಳು. ಎರಡು ಬೊಂಡ ಕುಡಿಸಿದೆವು. ಸಂಜೆ ಕರೆದರೆ ಕಣ್ಣು ಬಿಟ್ಟಳು, ಆದರೆ ನಾನು ಯಾರು ಅಂತ ಗೊತ್ತಾಗಲಿಲ್ಲ. ಕೈ ಹಿಡಿದರೆ ತಣ್ಣಗೆ, ಒದ್ದೆ. ಆಸ್ಪತ್ರೆಯಲ್ಲಿ ಮೇಲಿನ ಬಿಪಿ 70. ಅಲ್ಲಿದ್ದ ಡ್ಯೂಟಿ ಡಾಕ್ಟರ್ ಹುಡುಗಿ ಹಳೆಯ ಚೀಟಿ ನೋಡಿ, ರಿಪೋರ್ಟಿಗೂ ಕಾಯದೆ ಇಂಜೆಕ್ಷನ್ ಕೊಟ್ಟು ಎರಡೂ ಕೈಗೆ ಸಲೈನ್ ಹಾಕಿಸಿದಳು. ಬೆಳಗಾಗುವಾಗ ಅಮ್ಮ ಗಂಜಿ ಕೇಳಿದಳು.

ಇದಕ್ಕೆ ಅಡ್ರಿನಲ್ ಕ್ರೈಸಿಸ್ ಅನ್ನುತ್ತಾರೆ. ವಾಂತಿ, ಭೇದಿ, ಹೊಟ್ಟೆನೋವು, ಮಂಪರು, ಮಾತು ತಡವರಿಸುವುದು, ಬಿಪಿ ಕುಸಿಯುವುದು ಇದರ ಲಕ್ಷಣ. ಮಾತ್ರೆ ತಿಂದ ಅರ್ಧ ಗಂಟೆಯೊಳಗೆ ವಾಂತಿ ಆದರೆ ಇನ್ನೊಮ್ಮೆ ಕೊಡಿ. ಅದೂ ಹೊರಗೆ ಬಂದರೆ ಮಾತ್ರೆಯ ಕಾಲ ಮುಗಿಯಿತು. 100 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಕೊಟ್ಟು ಹೊರಡಿ. ಇಂಜೆಕ್ಷನ್ ಇಲ್ಲದಿದ್ದರೆ ಹುಡುಕುತ್ತಾ ಕೂರದೆ ಹೊರಡಿ. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡು ಜಿಲ್ಲಾ ಆಸ್ಪತ್ರೆ, ಮಣಿಪಾಲ, ಯಾವುದು ಹತ್ತಿರವೋ ಅಲ್ಲಿಗೆ. ಕ್ಯಾಶುವಾಲಿಟಿಯ ಬಾಗಿಲಲ್ಲೇ ಈ ಮಾತು ಹೇಳಿ: 'ಅಡಿಸನ್ ಕಾಯಿಲೆ ಇದೆ, ದಿನಾ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಾರೆ, ಈಗಲೇ ಹೈಡ್ರೊಕಾರ್ಟಿಸೋನ್ 100 ಮಿಲಿಗ್ರಾಂ ಮತ್ತು ನಾರ್ಮಲ್ ಸಲೈನ್ ಬೇಕು.' ವಾಂತಿ, ಹೊಟ್ಟೆನೋವು ಅಂತ ಮಾತ್ರ ಹೇಳಿದರೆ ಸಾಲಿನಲ್ಲಿ ಕೂರಿಸುತ್ತಾರೆ. ಸಂಕೋಚ ಬೇಡ, ಎರಡು ಸಲ ಹೇಳಿ.

ಇದನ್ನೇ ಕನ್ನಡ, ಇಂಗ್ಲಿಷ್ ಎರಡರಲ್ಲೂ ಒಂದು ಕಾರ್ಡಿನಲ್ಲಿ ಬರೆದು ಪರ್ಸಿನಲ್ಲಿಡಿ, ಫೋನಿನ ಲಾಕ್ ಪರದೆಯಲ್ಲೂ ಹಾಕಿ. ಬೆಂಗಳೂರಿಗೆ ಹೋಗುವಾಗ ಮಾತ್ರೆ ಕೈಚೀಲದಲ್ಲಿರಲಿ, ಬಸ್ಸಿನ ಡಿಕ್ಕಿಯಲ್ಲಿ ಬೇಡ. ಬೇಕಾದದ್ದಕ್ಕಿಂತ ನಾಲ್ಕು ದಿನದ್ದು ಜಾಸ್ತಿ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಶಿರಾಡಿ ಘಾಟಿ ಯಾವಾಗ ಕುಸಿಯುತ್ತದೆ ಹೇಳಲಾಗುವುದಿಲ್ಲ.

ಇಂಜೆಕ್ಷನ್ ಕಲಿಯುವುದು

ಡಾಕ್ಟರ ಹತ್ತಿರ ಚೀಟಿ ಬರೆಸಿ ಎರಡು ಸೀಸೆ ಮನೆಯಲ್ಲಿಡಿ. ಕೊಡುವುದನ್ನು ನರ್ಸ್ ಹತ್ತಿರ ಕಲಿಯಿರಿ, ಮನೆಯಲ್ಲಿ ಕನಿಷ್ಠ ಇಬ್ಬರು. ನಮ್ಮಲ್ಲಿ ನಾನು ಮತ್ತು ತಮ್ಮ ಕಲಿತೆವು. ಸೀಸೆಯಲ್ಲಿರುವುದು ಬಿಳಿ ಪುಡಿ. ಮೇಲಿನ ಪ್ಲಾಸ್ಟಿಕ್ ಬಿರಡೆ ತೆಗೆದು ರಬ್ಬರನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಸಿರಿಂಜಿನಲ್ಲಿ 2 ಮಿಲಿ ಸ್ಟೆರೈಲ್ ವಾಟರ್ ಎಳೆದು ರಬ್ಬರಿನ ಮೂಲಕ ಒಳಗೆ ಬಿಡಬೇಕು. ಜೋರಾಗಿ ಕುಲುಕಿದರೆ ನೊರೆ ಬರುತ್ತದೆ, ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ. ನೀರು ತಿಳಿಯಾದ ಮೇಲೆ ಸೀಸೆ ತಲೆಕೆಳಗೆ ಮಾಡಿ ಪೂರ್ತಿ ಎಳೆದುಕೊಂಡು, ಗಾಳಿ ಗುಳ್ಳೆ ತೆಗೆದು, ತೊಡೆಯ ಹೊರಬದಿಯ ನಡುಭಾಗಕ್ಕೆ ನೇರವಾಗಿ ಚುಚ್ಚಬೇಕು. ತುರ್ತಿನಲ್ಲಿ ತೆಳು ಬಟ್ಟೆಯ ಮೇಲಿಂದಲೂ ಆಗುತ್ತದೆ. ಬೇಡದಿದ್ದಾಗ ಕೊಟ್ಟುಬಿಟ್ಟರೆ ಅನ್ನುವ ಹೆದರಿಕೆ ನಮಗೂ ಇತ್ತು. ಒಂದು ಡೋಸ್ ಅನಗತ್ಯವಾಗಿ ಹೋದರೆ ಹಾನಿ ಇಲ್ಲ, ಬೇಕಾದಾಗ ಕೊಡದಿದ್ದರೆ ಜೀವಕ್ಕೇ ಅಪಾಯ ಅಂತ ನರ್ಸ್ ಬಿಡಿಸಿ ಹೇಳಿದರು. ಕೊಟ್ಟ ಮೇಲೆ ಸ್ವಲ್ಪ ಚೇತರಿಸಿದರೂ ಆಸ್ಪತ್ರೆಗೆ ಹೋಗಲೇಬೇಕು.

ಸೀಸೆಯ ಮೇಲಿನ ಎಕ್ಸ್‌ಪೈರಿ ತಿಂಗಳನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಅವಧಿ ಮುಗಿದದ್ದನ್ನು ಎಸೆಯುವ ಮೊದಲು ಒಂದು ಮೂಸಂಬಿ ತನ್ನಿ. ಗಡಿಯಾರ ನೋಡಿಕೊಂಡು, ಬಿರಡೆ ತೆಗೆಯುವುದರಿಂದ ಮೂಸಂಬಿಗೆ ಚುಚ್ಚುವ ತನಕ ಪೂರ್ತಿ ಮಾಡಿ ನೋಡಿ. ಮೊದಲ ಸಲ ನನಗೆ ಏಳು ನಿಮಿಷ ಬೇಕಾಯಿತು, ಕೈ ನಡುಗುತ್ತಿತ್ತು. ಈಗ ಎರಡು ನಿಮಿಷ ಸಾಕು.